ಅರವತ್ತಕ್ಕೆ ಅರಳುಮರಳೆ? : ಮಿದುಳಿನ ಕಾವಲುಕೋಶಗಳ ವಾರ್ಧಕ್ಯ

“ಅರವತ್ತಕ್ಕೆ ಅರಳುಮರಳು” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮನೆಯ ಹಿರಿಯರು ಕನ್ನಡಕವನ್ನು ಎಲ್ಲಿಯೋ ಇರಿಸಿ ಹುಡುಕಿದರೆ, ಮೊಮ್ಮಗನನ್ನು ಮಗನ ಹೆಸರಿನಿಂದ ಕೂಗಿದರೆ, ನಿನ್ನೆ ಹೇಳಿದ ಮಾತನ್ನೇ ಇಂದೂ ಹೇಳಿದರೆ, ಕಿರಿಯರು ಈ ಗಾದೆಯನ್ನು ಸ್ಮರಿಸಿ ನಕ್ಕು ಸುಮ್ಮನಾಗುತ್ತಾರೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂಬ ಮತ್ತೊಂದು ಗಾದೆಯ ಬೆಂಬಲವೂ ಇದಕ್ಕುಂಟು. ಆದರೆ ಈ ಒಂದು ಮಾತನ್ನು ನಂಬಿ ಕುಳಿತುದರಿಂದ ಎಷ್ಟೋ ಮನೆಗಳಲ್ಲಿ ಹಿರಿಯರ ಬೇನೆಯನ್ನು ಬೇನೆಯೆಂದು ಗುರುತಿಸುವವರಿಲ್ಲದೆ, ಮದ್ದಿಗೆ ಬಗ್ಗಬಹುದಾದ ಕಾಲವು ಕಳೆದುಹೋಗುತ್ತಿದೆ. ಆದುದರಿಂದ ಈ ಗಾದೆಯ ಸತ್ಯಾಸತ್ಯತೆಯನ್ನು ವಿವೇಚಿಸುವುದು ಬರಿಯ ಶಬ್ದವಿನೋದವಾಗಲಾರದು.

ಮೊದಲು ಶಬ್ದವನ್ನೇ ನೋಡೋಣ. ಹಳಗನ್ನಡದಲ್ಲಿ ‘ಮರುಳ್’ ಎಂದರೆ ಭ್ರಾಂತಿ, ಬುದ್ಧಿಭ್ರಮಣೆ; ಪಿಶಾಚವೆಂಬ ಅರ್ಥವೂ ಅದಕ್ಕುಂಟು. ‘ಅರಳುಮರಳು’ ಎಂಬ ಜೋಡುನುಡಿಯನ್ನು ಜನ ಬಳಸುವುದು ಆ ಮರುಳಿನ ಅರ್ಥದಲ್ಲಿಯೇ. ವರಕವಿ ದ. ರಾ. ಬೇಂದ್ರೆಯವರು ತಮ್ಮ ಕೃತಿಯೊಂದಕ್ಕೆ ‘ಅರಳು ಮರಳು’ ಎಂದು ಹೆಸರಿಟ್ಟರು. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಎರಡು ಪದಗಳನ್ನು ಬಿಡಿಸಿ ಓದಿದರೆ ಹೂವಿನಂತೆ ಅರಳುವುದು, ಮರಳಿ ಅರಳುವುದು ಎಂಬ ಅರ್ಥವೇ ಹೊಳೆಯುತ್ತದೆ. 1896ರಲ್ಲಿ ಜನಿಸಿದ ಕವಿಗಳಿಗೆ ಪ್ರಶಸ್ತಿಯ ವೇಳೆಗೆ ಅರವತ್ತು ದಾಟಿದ್ದಿತು. ಅವರಿಗೆ ಜ್ಞಾನಪೀಠವನ್ನು ತಂದ ‘ನಾಕುತಂತಿ’ ಅದಕ್ಕಿಂತಲೂ ಈಚೆಗೆ, 1964ರಲ್ಲಿ, ಪ್ರಕಟವಾಯಿತು. ಮುಪ್ಪೆಂದರೆ ಮರುಳೋ, ಮರಳಿ ಅರಳುವುದೋ? ಇದನ್ನು ನಿಘಂಟು ನಿರ್ಣಯಿಸಲಾರದು. ಮಿದುಳಿನೊಳಗೆ ವಯಸ್ಸಿನೊಡನೆ ಏನು ನಡೆಯುತ್ತದೆ ಎಂಬುದನ್ನು ವಿಜ್ಞಾನಿಗಳಿಂದ ಕೇಳಿ ತಿಳಿಯಬೇಕು. ಅದರಲ್ಲಿಯೂ ಮಿದುಳಿನ ರೋಗನಿರೋಧಕ ಕೋಶಗಳ ಮುಪ್ಪನ್ನು ಕುರಿತು ಈಚಿನ ದಶಕಗಳಲ್ಲಿ ತಿಳಿದುಬಂದಿರುವ ಸಂಗತಿಗಳು ಈ ಪ್ರಶ್ನೆಗೆ ಬಹುಮಟ್ಟಿಗೆ ಬೆಳಕು ಚೆಲ್ಲುತ್ತವೆ.

ಮಾನವನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆಯೆಂದು ಲೆಕ್ಕ. ನೋಡುವುದು, ನುಡಿಯುವುದು, ನೆನೆಯುವುದು ಎಲ್ಲವೂ ಇವುಗಳ ಪರಸ್ಪರ ಸಂದೇಶದಿಂದ ನಡೆಯುವ ಕಾರ್ಯಗಳು. ಇವುಗಳಿಗೆ ಆಸರೆಯಾಗಿ ಬೇರೊಂದು ಕೋಶವರ್ಗವಿದೆ. 19ನೆಯ ಶತಮಾನದ ಜರ್ಮನ್ ವೈದ್ಯವಿಜ್ಞಾನಿ ರುಡಾಲ್ಫ್ ವಿರ್ಕೊ ಅದನ್ನು ನರಗಳನ್ನು ಹಿಡಿದಿಡುವ ಅಂಟೆಂದು ಭಾವಿಸಿ, ಗ್ರೀಕ್ ಭಾಷೆಯಲ್ಲಿ ಅಂಟು ಎಂಬ ಅರ್ಥವುಳ್ಳ ‘ಗ್ಲಿಯ’ ಶಬ್ದದಿಂದ ಹೆಸರಿಸಿದನು. 1919ರಲ್ಲಿ ಸ್ಪೇನ್ ದೇಶದ ಪೀಯೊ ದೆಲ್ ರೀಯೊ ಓರ್ತೆಗ ಎಂಬ ವಿಜ್ಞಾನಿಯು ಮಿದುಳಿನ ತೆಳುಪದರಗಳಿಗೆ ಬೆಳ್ಳಿಯ ಲವಣದಿಂದ ಬಣ್ಣವೂಡಿಸಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದನು. ಕವಲೊಡೆದ ತೋಳುಗಳುಳ್ಳ, ಪೆಟ್ಟು ಬಿದ್ದೆಡೆಗೆ ಸರಿದುಹೋಗಿ ಕಸವನ್ನು ನುಂಗಬಲ್ಲ ಚಿಕ್ಕ ಕೋಶವೊಂದು ಆ ವರ್ಗದಲ್ಲಿ ಪ್ರತ್ಯೇಕವಾಗಿರುವುದನ್ನು ಆತ ತೋರಿಸಿಕೊಟ್ಟನು. ಅದಕ್ಕೆ ‘ಮೈಕ್ರೊಗ್ಲಿಯ’ ಎಂದು ಹೆಸರಾಯಿತು. ಕಿರಿಯ ಅಂಟು ಎಂಬುದು ಅದರ ಅಕ್ಷರಾರ್ಥ. ಹೆಸರಿಗೂ ಕಾರ್ಯಕ್ಕೂ ಹೊಂದಿಕೆಯಿಲ್ಲವಾದುದರಿಂದ ಈ ಲೇಖನದಲ್ಲಿ ಅದನ್ನು ‘ಕಾವಲುಕೋಶ’ವೆಂದು ಕರೆಯುತ್ತೇನೆ.

ದೇಹದ ಇತರ ಭಾಗಗಳಲ್ಲಿ ರೋಗಾಣುಗಳೊಡನೆ ಹೋರಾಡುವ ಹೊಣೆ ರಕ್ತದ ಬಿಳಿಕಣಗಳದು. ಮಿದುಳಿನ ರಕ್ತನಾಳಗಳ ಗೋಡೆಗಳಾದರೋ ಬಹಳ ಬಿಗಿಯಾದವು. ಬಿಳಿಕಣಗಳು ಅವುಗಳನ್ನು ಸುಲಭವಾಗಿ ದಾಟಲಾರವು. ಆದುದರಿಂದ ಮಿದುಳು ತನ್ನದೇ ಆದ ಕಾವಲುಪಡೆಯನ್ನು ಇರಿಸಿಕೊಂಡಿದೆ. ಮಿದುಳಿನ ಒಟ್ಟು ಕೋಶಗಳಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಇವೇ ಎಂದು ಅಂದಾಜು. ಭ್ರೂಣದಶೆಯ ಮೊದಲಲ್ಲಿ, ಭ್ರೂಣಕ್ಕೆ ಅಂಟಿಕೊಂಡಿರುವ ಹಳದಿ ಚೀಲದಲ್ಲಿ ಹುಟ್ಟಿ, ಮಿದುಳು ಇನ್ನೂ ರೂಪುಗೊಳ್ಳುತ್ತಿರುವಾಗಲೇ ಅಲ್ಲಿಗೆ ಬಂದು ಇವು ನೆಲಸುತ್ತವೆಂಬುದು 2010ರಲ್ಲಿ ಇಲಿಗಳ ಮೇಲೆ ನಡೆದ ಸಂಶೋಧನೆಯಿಂದ ತಿಳಿಯಿತು. ಅನಂತರ ಇವುಗಳ ಸಂತತಿ ಮಿದುಳಿನೊಳಗೇ ಒಂದು ಎರಡಾಗಿ ಬೆಳೆಯುತ್ತದೆ. ಮಾನವನ ಒಂದು ಕಾವಲುಕೋಶದ ಸರಾಸರಿ ಆಯುಷ್ಯ ಸುಮಾರು ನಾಲ್ಕು ವರ್ಷ, ಕೆಲವು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಬಾಳುತ್ತವೆ ಎಂದು 2017ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಗಣಿಸಿದರು.

ಇವುಗಳ ಕಾರ್ಯವನ್ನು ಅರಿಯಲು ನಮ್ಮ ಸೀಮೆಯದೇ ಒಂದು ದೃಷ್ಟಾಂತ ಸಾಕು. ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಿರಿಯರಿಗೆ ತಲಪರಿಗೆಯನ್ನು ಪರಿಚಯಿಸಬೇಕಾದುದಿಲ್ಲ. ಕಿರಿಯರಿಗಾಗಿ ಹೇಳುವುದಾದರೆ, ಮರಳುನೆಲದಲ್ಲಿ ಜಿನುಗುವ ಒರತೆಯನ್ನು ಗುರುತಿಸಿ, ತೋಡಿ, ಕಲ್ಲು ಕಟ್ಟಿ, ಕಾಲುವೆಯ ಮೂಲಕ ಹೊಲಗದ್ದೆಗಳಿಗೆ ನೀರು ಹರಿಸುವ ಪ್ರಾಚೀನ ಏರ್ಪಾಡು ಅದು. ಕೊಳವೆಬಾವಿಗಳು ಹೆಚ್ಚಿದ ಮೇಲೆ ಹಲವು ತಲಪರಿಗೆಗಳು ಬತ್ತಿವೆ. ನೀರಿದ್ದ ಕಾಲದಲ್ಲಿ ಅಚ್ಚುಕಟ್ಟಿನ ರೈತರೆಲ್ಲರೂ ಸೇರಿ ವರ್ಷಕ್ಕೊಮ್ಮೆ ಹೂಳೆತ್ತುತ್ತಿದ್ದರು. ದಿನದಿನದ ಪಾಲನೆ ನೀರಗಂಟಿಯದಾಗಿದ್ದಿತು. ಆತ ಗುದ್ದಲಿ ಹಿಡಿದು ಕಾಲುವೆಯುದ್ದಕ್ಕೂ ನಡೆದು, ಬಿದ್ದ ತರಗೆಲೆಯನ್ನು ತೆಗೆದು, ಕುಸಿದ ದಂಡೆಯನ್ನು ಮೆತ್ತಿ, ಯಾರ ಹೊಲಕ್ಕೆ ಎಷ್ಟು ನೀರೆಂದು ನೋಡಿಕೊಳ್ಳುತ್ತಿದ್ದನು. ಆತನ ಕೆಲಸ ಸರಿಯಾಗಿ ನಡೆದಷ್ಟು ಕಾಲ ಊರಿಗೆ ಅದರ ಅರಿವೇ ಆಗುತ್ತಿರಲಿಲ್ಲ.

ಕಾವಲುಕೋಶವು ಮಿದುಳಿನ ನೀರಗಂಟಿ. ಬದುಕಿರುವ ಇಲಿಯ ಮಿದುಳನ್ನು ವಿಶೇಷ ಸೂಕ್ಷ್ಮದರ್ಶಕದಿಂದ ನೋಡಿದ ವಿಜ್ಞಾನಿಗಳು 2005ರಲ್ಲಿ ಒಂದು ಆಶ್ಚರ್ಯವನ್ನು ವರದಿ ಮಾಡಿದರು. ಸುಮ್ಮನೆ ಕುಳಿತಿವೆಯೆಂದು ಅದುವರೆಗೆ ಭಾವಿಸಿದ್ದ ಈ ಕೋಶಗಳು ಒಂದು ಗಳಿಗೆಯೂ ಬಿಡುವಿಲ್ಲದೆ ತಮ್ಮ ತೋಳುಗಳನ್ನು ಚಾಚುತ್ತ, ಹಿಂದೆಗೆಯುತ್ತ, ಕೆಲವೇ ಗಂಟೆಗಳಲ್ಲಿ ಇಡೀ ಮಿದುಳನ್ನು ತಡವಿ ನೋಡುತ್ತವೆ. ಸತ್ತ ಕೋಶದ ಚೂರುಗಳನ್ನೂ ಕೆಟ್ಟ ಸಸಾರಜನಕದ ಮುದ್ದೆಗಳನ್ನೂ ನುಂಗಿ ಜೀರ್ಣಿಸುತ್ತವೆ. ರೋಗಾಣು ನುಗ್ಗಿದರೆ ಉರಿಯೂತದ ದ್ರವ್ಯಗಳನ್ನು ಸ್ರವಿಸಿ ಅದನ್ನು ಎದುರಿಸುತ್ತವೆ. ಬಾಲ್ಯದಲ್ಲಿ ನರಕೋಶಗಳ ನಡುವೆ ಅಗತ್ಯಕ್ಕಿಂತ ಹೆಚ್ಚಾಗಿ ಏರ್ಪಡುವ ಸಂಧಿಗಳಲ್ಲಿ ಬಳಕೆಗೆ ಬಾರದವನ್ನು ಕಳೆಯಂತೆ ಕೀಳುವುದರಲ್ಲಿಯೂ ಇವುಗಳ ಪಾತ್ರವಿದೆ. ಶಾಲೆಯಲ್ಲಿ ಮಗು ಕಲಿಯುವಾಗ ಅದರ ಮಿದುಳು ಹದಗೊಳ್ಳುವುದರ ಹಿಂದೆ ಈ ಕಣ್ಮರೆಯ ಕೈಕೆಲಸವೂ ಇದೆಯೆಂಬುದನ್ನು ಅಧ್ಯಾಪಕ ಬಂಧುಗಳು ಗಮನಿಸಬೇಕು.

ಹೀಗೆ ದುಡಿಯುವ ಕೋಶಗಳಿಗೂ ಮುಪ್ಪು ತಪ್ಪಿದ್ದಲ್ಲ. ಆ ಮುಪ್ಪು ನಾಲ್ಕು ಬಗೆಯಲ್ಲಿ ಕಾಣುತ್ತದೆ. ಮೊದಲನೆಯದು ಆಕಾರದಲ್ಲಿ. ತೋಳುಗಳ ಕವಲುಗಳು ಕಡಿಮೆಯಾಗಿ ಮೊಟಕಾಗುತ್ತವೆ. ಕೆಲವು ತೋಳುಗಳು ಮಣಿಸರದಂತೆ ಗಂಟುಗಂಟಾಗಿ ಅಲ್ಲಲ್ಲಿ ತುಂಡಾಗುತ್ತವೆ. ವೃದ್ಧರ ಮಿದುಳಿನಲ್ಲಿ ಈ ವಿಕಾರವನ್ನು ಅಮೆರಿಕದ ವೋಲ್ಫ್‌ಗಾಂಗ್ ಸ್ಟ್ರೈಟ್ ಮತ್ತು ಅವರ ಸಂಗಡಿಗರು 2004ರಲ್ಲಿ ವಿವರಿಸಿದರು. ಎರಡನೆಯದು ಚಲನೆಯಲ್ಲಿ. ಮುದಿ ಇಲಿಗಳಲ್ಲಿ ತೋಳುಗಳ ಓಡಾಟ ನಿಧಾನವಾಗುತ್ತದೆ. ಗಾಯವಾದೆಡೆಗೆ ಇವು ತಡವಾಗಿ ತಲಪುತ್ತವೆ. ಮೂರನೆಯದು ಒಡಲಿನಲ್ಲಿ. ನುಂಗಿದುದು ಪೂರ್ತಿ ಜೀರ್ಣವಾಗದೆ ಕಂದುಬಣ್ಣದ ಕಸವೂ ಕೊಬ್ಬಿನ ಹನಿಗಳೂ ಒಳಗೆ ಶೇಖರವಾಗುತ್ತವೆ. ಕೊಬ್ಬು ತುಂಬಿದ ಇಂಥ ಕೋಶಗಳಿಗೆ ಕಸ ನುಂಗುವ ಶಕ್ತಿ ಕುಂದಿ, ಉರಿಯೂತದ ದ್ರವ್ಯ ಸ್ರವಿಸುವ ಚಾಳಿ ಹೆಚ್ಚುತ್ತದೆಂದು 2020ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿದರು. ನಾಲ್ಕನೆಯದು ಸ್ವಭಾವದಲ್ಲಿ. ಮುದಿಕೋಶವು ಸದಾ ಅರೆಸಿಡುಕಿನಲ್ಲಿರುತ್ತದೆ. ಸಣ್ಣ ನೆಪ ದೊರೆತರೂ ಅತಿಯಾಗಿ ಕೆರಳುತ್ತದೆ. ಕೆರಳಿದ್ದು ಬೇಗ ತಣಿಯುವುದಿಲ್ಲ.

ನೀರಗಂಟಿಗೆ ವಯಸ್ಸಾದರೆ ಆಗುವುದೂ ಇದೇ ಅಲ್ಲವೆ? ನಡಿಗೆ ನಿಧಾನವಾಗುತ್ತದೆ, ಕಾಲುವೆಯ ತಿರುವುಗಳಲ್ಲಿ ಒಂದಿಷ್ಟು ಕಸ ಉಳಿಯುತ್ತದೆ. ಆದರೆ ಅಷ್ಟರಿಂದಲೇ ಕಾಲುವೆ ಮುಚ್ಚಿಹೋಗುವುದಿಲ್ಲ. ಮೇಲಿನಿಂದ ಹೂಳು ಹೆಚ್ಚಾಗಿ ಬಂದು ಬಿದ್ದರೆ ಮಾತ್ರ ಆತನ ಶಕ್ತಿ ಸಾಲದೆ ಬರುತ್ತದೆ. ಸಹಜವಾದ ಮುಪ್ಪಿಗೂ ಮರೆವಿನ ಕಾಯಿಲೆಗೂ ಇರುವ ಅಂತರ ಇಲ್ಲಿದೆ. ಜರ್ಮನಿಯ ಆಲೋಯಿಸ್ ಆಲ್ಜೈಮರ್ 1906ರಲ್ಲಿ ಮೊದಲು ವಿವರಿಸಿದ, ಇಂದು ಅವನ ಹೆಸರಿನಿಂದಲೇ ಕರೆಯಲ್ಪಡುವ ಕಾಯಿಲೆಯಲ್ಲಿ ಕೆಟ್ಟ ಸಸಾರಜನಕವು ನರಕೋಶಗಳ ನಡುವೆ ಹೂಳಿನಂತೆ ಗಟ್ಟಿಗೊಳ್ಳುತ್ತದೆ. ಕಾವಲುಕೋಶಗಳು ಅದನ್ನು ಸುತ್ತುವರಿದು ತೆಗೆಯಲು ಹೆಣಗುತ್ತವೆ. ಈ ಕೋಶಗಳ ಮೇಲ್ಮೈಯಲ್ಲಿರುವ ‘ಟ್ರೆಮ್-2’ ಎಂಬ ಸಸಾರಜನಕದ ವಂಶವಾಹಿಯಲ್ಲಿ ಒಂದು ಬಗೆಯ ದೋಷವಿರುವವರಿಗೆ ಆಲ್ಜೈಮರ್ ಕಾಯಿಲೆಯ ಅಪಾಯ ಹೆಚ್ಚೆಂದು 2012ರ ಕೊನೆಯಲ್ಲಿ ತಿಳಿದುಬಂದಾಗ, ಮರೆವಿನ ಕಾಯಿಲೆಯಲ್ಲಿ ಕಾವಲುಕೋಶಗಳ ಪಾತ್ರ ಎಷ್ಟು ಮಹತ್ತ್ವದ್ದೆಂಬುದು ಸ್ಪಷ್ಟವಾಯಿತು.

ಸಹಜ ಮುಪ್ಪಿನ ಬದಲಾವಣೆಯಾದರೂ ಎಷ್ಟು ತೀವ್ರವಾದುದು? ಇಲಿಯಲ್ಲಿ ಕಂಡದ್ದು ಮಾನವನಲ್ಲಿಯೂ, ಪಾಶ್ಚಾತ್ಯರಲ್ಲಿ ಕಂಡದ್ದು ನಮ್ಮವರಲ್ಲಿಯೂ ಹಾಗೆಯೇ ಇರಬೇಕೆಂದೇನೂ ಇಲ್ಲ. ಇದನ್ನು ನಮ್ಮವರ ಮಿದುಳಿನಲ್ಲಿಯೇ ಪರೀಕ್ಷಿಸಿದ ಕಾರ್ಯ ಬೆಂಗಳೂರಿನಲ್ಲಿ ನಡೆದಿದೆ. 1974ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿ, ಎಂದರೆ ಜನರು ನಿಮ್ಹಾನ್ಸ್ ಎಂದು ಕರೆಯುವ ಆಸ್ಪತ್ರೆಯಲ್ಲಿ, ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ 1995ರಲ್ಲಿ ಮಾನವ ಮಿದುಳು ಭಂಡಾರವೊಂದು ಆರಂಭವಾಯಿತು. ಅಪಘಾತ ಮೊದಲಾದ ಕಾರಣಗಳಿಂದ ಮೃತರಾದವರ ಮರಣೋತ್ತರ ಪರೀಕ್ಷೆಯ ವೇಳೆಯಲ್ಲಿ, ಬಂಧುಗಳ ಲಿಖಿತ ಒಪ್ಪಿಗೆ ಪಡೆದು, ಮಿದುಳನ್ನು ಅಲ್ಲಿ ಕಾಪಿಡುತ್ತಾರೆ.

2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎಚ್. ಜೆ. ಜ್ಯೋತಿ, ಡಾ. ಫಲ್ಗುಣಿ ಆನಂದ್ ಅಲ್ಲಾಡಿ ಮತ್ತು ಅವರ ಸಹೋದ್ಯೋಗಿಗಳು ನಡುಮಿದುಳಿನ ‘ಕಪ್ಪುದ್ರವ್ಯ’ವೆಂಬ ಭಾಗವನ್ನು ಆರಿಸಿಕೊಂಡರು. ಆಯುರ್ವೇದವು ಕಂಪವಾತವೆನ್ನುವ ಪಾರ್ಕಿನ್‌ಸನ್ ಕಾಯಿಲೆಯಲ್ಲಿ ನಶಿಸುವುದು ಇಲ್ಲಿಯ ನರಕೋಶಗಳೇ. ಭ್ರೂಣದಶೆಯಿಂದ ಮೊದಲ್ಗೊಂಡು ಮುಪ್ಪಿನವರೆಗಿನ ಮಿದುಳುಗಳನ್ನು ಹೋಲಿಸಿ ನೋಡಿದಾಗ, ಗ್ಲಿಯಕೋಶಗಳ ಸಂಖ್ಯೆಯು ಎರಡು ಹಂತಗಳಲ್ಲಿ ಏರುವುದು ಕಂಡಿತು. ಭ್ರೂಣದಶೆಯಿಂದ ಜನನದವರೆಗಿನ ಏರಿಕೆ ಸಹಜವಾದ ಬೆಳವಣಿಗೆ. ನಡುವಯಸ್ಸಿನ ಅನಂತರದ್ದು ಮುಪ್ಪಿನ ಕುರುಹು, ಅದೂ ಅಲ್ಪಪ್ರಮಾಣದ್ದು. ಉರಿಯೂತದ ಸಾಧ್ಯತೆಯನ್ನು ಸೂಚಿಸುವಂತೆ ರೂಪ ಬದಲಿಸಿದ ಕಾವಲುಕೋಶಗಳೂ ಕಂಡುಬಂದವು. ಆದರೆ ನಿರೀಕ್ಷಿಸಿದ್ದಂಥ ದೊಡ್ಡ ವಿಕಾರ ಅಲ್ಲಿರಲಿಲ್ಲ. ಕಂಡ ಬದಲಾವಣೆಗಳು ಸೂಕ್ಷ್ಮವಾದವು. ಭಾರತೀಯರ ಮಿದುಳಿನ ಈ ಭಾಗದಲ್ಲಿ ವಯಸ್ಸಿನೊಡನೆ ನರಕೋಶಗಳು ಗಣನೀಯವಾಗಿ ನಷ್ಟವಾಗುವುದಿಲ್ಲವೆಂದು ಇದೇ ಸಂಸ್ಥೆಯ ಇನ್ನೊಂದು ಅಧ್ಯಯನ 2009ರಲ್ಲಿಯೇ ತಿಳಿಸಿದ್ದಿತು. ಒಂದು ಭಾಗದಲ್ಲಿ ಕಂಡುದನ್ನು ಇಡೀ ಮಿದುಳಿಗೆ ಅನ್ವಯಿಸಲಾಗದಾದರೂ, ಮುಪ್ಪು ತಾನಾಗಿಯೇ ಮಿದುಳನ್ನು ಹಾಳುಗೆಡವುತ್ತದೆಂಬ ನಂಬಿಕೆಗೆ ಇಲ್ಲಿ ಆಧಾರ ದೊರೆಯಲಿಲ್ಲ.

ಜನಸಮುದಾಯದ ಲೆಕ್ಕವೂ ಇದನ್ನೇ ಹೇಳುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ, ಅರವತ್ತು ದಾಟಿದ ಭಾರತೀಯರಲ್ಲಿ ಮರೆವಿನ ಕಾಯಿಲೆಯುಳ್ಳವರು ನೂರಕ್ಕೆ 7.4 ಮಂದಿ, ಒಟ್ಟು ಸುಮಾರು 88 ಲಕ್ಷ. ಉಳಿದ ತೊಂಬತ್ತೆರಡಕ್ಕೂ ಹೆಚ್ಚು ಮಂದಿಗೆ ಆ ಕಾಯಿಲೆಯಿಲ್ಲ. ಹೀಗಿರಲು ಅರವತ್ತಾದವರೆಲ್ಲರ ಮೇಲೂ ಗಾದೆಯ ಮುದ್ರೆಯೊತ್ತುವುದು ಅನ್ಯಾಯ. ಕಾಯಿಲೆಯುಳ್ಳ ಆ ಏಳು ಮಂದಿಯನ್ನು ಅದೇ ಗಾದೆ ಹೇಳಿ ಮೂಲೆಗೆ ಕೂರಿಸುವುದು ಇನ್ನೂ ದೊಡ್ಡ ಅನ್ಯಾಯ.

ಆದುದರಿಂದ ‘ಅರಳುಮರಳು’ ಎಂಬ ಒಂದೇ ಹೆಸರಿನಡಿಯಲ್ಲಿ ನಾವು ಕೂಡಿಹಾಕಿರುವ ಮೂರು ಸ್ಥಿತಿಗಳನ್ನು ಬಿಡಿಸಿ ತಿಳಿಯಬೇಕು. ಹೆಸರು ಥಟ್ಟನೆ ನೆನಪಿಗೆ ಬಾರದೆ ಸ್ವಲ್ಪ ಹೊತ್ತಿನ ಮೇಲೆ ಬರುವುದು, ಹೊಸದನ್ನು ಕಲಿಯಲು ಹೆಚ್ಚು ಸಮಯ ಹಿಡಿಯುವುದು, ಇವು ಸಹಜವಾದ ಮುಪ್ಪು. ಇದಕ್ಕೆ ಅಂಜಬೇಕಾದುದಿಲ್ಲ.

ಎರಡನೆಯದು ‘ಸನ್ನಿ’. ಸಂಸ್ಕೃತದ ‘ಸನ್ನಿಪಾತ’ದಿಂದ ಬಂದ ಈ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ನಿನ್ನೆಯವರೆಗೆ ಸರಿಯಾಗಿದ್ದ ಅಜ್ಜಿ ಇದ್ದಕ್ಕಿದ್ದಂತೆ ಅಸಂಬದ್ಧವಾಗಿ ಮಾತನಾಡತೊಡಗಿದರೆ, ರಾತ್ರಿ ನಿದ್ರೆಯಿಲ್ಲದೆ ಇಲ್ಲದವರನ್ನು ಕಂಡಂತೆ ಬೆದರಿದರೆ, ದೇಹದಲ್ಲಿ ಎಲ್ಲಿಯೋ ಸೋಂಕು ತಗುಲಿದೆಯೆಂದು ಶಂಕಿಸಬೇಕು. ಮೂತ್ರಕೋಶದ ಸೋಂಕು, ಶ್ವಾಸಕೋಶದ ಸೋಂಕು, ನೀರಿನ ಅಂಶ ಕಡಿಮೆಯಾಗುವುದು, ಔಷಧಿಯ ವ್ಯತ್ಯಾಸ ಇವೆಲ್ಲ ಸನ್ನಿಗೆ ಕಾರಣಗಳು. ಮುದಿ ಕಾವಲುಕೋಶಗಳ ಸಿಡುಕು ಇಲ್ಲಿ ಪ್ರಸ್ತುತವಾಗುತ್ತದೆ. ಸೋಂಕು ಮಿದುಳಿನ ಹೊರಗೇ ಇದ್ದರೂ ಅದರ ಸುದ್ದಿ ರಕ್ತದ ಮೂಲಕ ತಲಪಿದೊಡನೆ ಅವು ಅತಿಯಾಗಿ ಕೆರಳುವುದೇ ವೃದ್ಧರಲ್ಲಿ ಸನ್ನಿ ಹೆಚ್ಚಾಗಿರಲು ಒಂದು ಕಾರಣವೆಂದು ಇಲಿಗಳ ಮೇಲಿನ ಪ್ರಯೋಗಗಳು ಸೂಚಿಸುತ್ತವೆ. ಇದನ್ನು ಅರಳುಮರಳೆಂದಾಗಲಿ, ಗಾಳಿ ಸೋಕಿದೆಯೆಂದಾಗಲಿ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಅದೇ ದಿನ ಆಸ್ಪತ್ರೆಗೆ ಕರೆದೊಯ್ದರೆ ಬಹುಮಟ್ಟಿಗೆ ಗುಣವಾಗುತ್ತದೆ.

ಮೂರನೆಯದು ಮರೆವಿನ ಕಾಯಿಲೆ. ತಿಂಗಳುಗಳ ಕಾಲ ಮೆಲ್ಲಮೆಲ್ಲನೆ ಏರುತ್ತ, ಪರಿಚಿತ ಹಾದಿ ತಪ್ಪುವುದು, ಊಟ ಮಾಡಿದ್ದೇ ಮರೆತುಹೋಗುವುದು, ದುಡ್ಡಿನ ಲೆಕ್ಕ ಕೈತಪ್ಪುವುದು ಇದರ ಗುರುತುಗಳು. ಇಲ್ಲಿಯೂ ಪರೀಕ್ಷೆ ಅವಶ್ಯ. ಏಕೆಂದರೆ ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಮನಸ್ಸಿನ ಖಿನ್ನತೆ, ಶಾಕಾಹಾರಿಗಳಲ್ಲಿ ಹೆಚ್ಚಾಗಿ ಕಂಡುಬರುವ ಬಿ-12 ಜೀವಸತ್ವದ ಕೊರತೆ ಇವೂ ಮರೆವಿನ ವೇಷದಲ್ಲಿ ಬರುತ್ತವೆ, ಇವುಗಳಿಗೆ ಚಿಕಿತ್ಸೆಯುಂಟು.

ಮುಪ್ಪಾದ ಕಾವಲುಕೋಶವನ್ನು ಮರಳಿ ಯೌವನಕ್ಕೆ ತರುವ ಮದ್ದು ಇಂದಿಗೂ ದೊರೆತಿಲ್ಲ. ನೆನಪಿನ ಶಕ್ತಿಯ ಹೆಸರಿನಲ್ಲಿ ಮಾರುವ ಲೇಹ್ಯ ಗುಳಿಗೆಗಳ ಜಾಹೀರಾತಿಗೆ ಮರುಳಾಗಬಾರದು. ಆದರೆ ಮೇಲಿನಿಂದ ಬರುವ ಹೂಳನ್ನು ತಡೆಯುವುದು ನಮ್ಮ ಕೈಯಲ್ಲಿದೆ. ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ತಜ್ಞಮಂಡಲಿಯು 2024ರಲ್ಲಿ ಹದಿನಾಲ್ಕು ಕಾರಣಗಳನ್ನು ಪಟ್ಟಿಮಾಡಿ, ಇವನ್ನು ನಿವಾರಿಸಿದರೆ ಲೋಕದ ಮರೆವಿನ ಕಾಯಿಲೆಯಲ್ಲಿ ನೂರಕ್ಕೆ ಸುಮಾರು 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಅಂದಾಜು ಮಾಡಿತು. ಅವುಗಳಲ್ಲಿ ಹೆಚ್ಚಿನವು ನಮ್ಮ ನಾಲ್ಕು ತಾಲ್ಲೂಕುಗಳ ಮನೆಮನೆಯ ವಿಷಯಗಳೇ: ಹಿಡಿತಕ್ಕೆ ಬಾರದ ರಕ್ತದೊತ್ತಡ, ಸಿಹಿಮೂತ್ರ, ಬೀಡಿ ಸಿಗರೇಟು, ಮದ್ಯಪಾನ, ವ್ಯಾಯಾಮವಿಲ್ಲದ ದೇಹ, ಹೊಗೆ ತುಂಬಿದ ಗಾಳಿ, ತಲೆಗೆ ಬೀಳುವ ಪೆಟ್ಟು. ಕಿವಿ ಕೇಳಿಸದಿರುವುದು, ಪೊರೆ ಬಂದ ಕಣ್ಣನ್ನು ಹಾಗೆಯೇ ಬಿಡುವುದು, ಒಂಟಿತನ ಇವೂ ಪಟ್ಟಿಯಲ್ಲಿವೆ. ಮಾತನಾಡಿಸುವವರಿಲ್ಲದ ಹಿರಿಯರ ಮಿದುಳು ಬೇಗ ಸೊರಗುತ್ತದೆ. ಪಟ್ಟಿಯಲ್ಲಿ ಮತ್ತೊಂದು ಕಾರಣವೆಂದರೆ ಎಳೆತನದಲ್ಲಿ ವಿದ್ಯೆ ದೊರೆಯದಿರುವುದು. ಓದು, ಬರಹ, ಕಂಠಪಾಠ, ಲೆಕ್ಕಗಳಿಂದ ಬಾಲ್ಯದಲ್ಲಿ ಗಳಿಸಿದ ಬೌದ್ಧಿಕ ಬಂಡವಾಳ ಅರವತ್ತು ವರ್ಷಗಳ ಅನಂತರ ಮರೆವಿನ ವಿರುದ್ಧ ಆಸರೆಯಾಗುತ್ತದೆ. ಒಬ್ಬ ಹುಡುಗಿಯನ್ನು ಏಳನೆಯ ತರಗತಿಯ ಬಳಿಕ ಶಾಲೆ ಬಿಡದಂತೆ ತಡೆದ ಉಪಾಧ್ಯಾಯರೂ, ಬಡ ವಿದ್ಯಾರ್ಥಿಯ ಅನ್ನ ವಸತಿಗಳಿಗೆ ನೆರವಾದ ದಾನಿಗಳೂ ಆ ಮಗುವಿನ ಮುಪ್ಪಿಗೂ ಉಪಕಾರ ಮಾಡಿದವರಾಗುತ್ತಾರೆ.

ನಮ್ಮಂಥದೇ ಬಯಲುಸೀಮೆಯ ಜನರ ಮಿದುಳು ಹೇಗೆ ಮುಪ್ಪಾಗುತ್ತದೆಂಬುದನ್ನು ತಿಳಿಯುವ ದೀರ್ಘ ಪ್ರಯತ್ನವೊಂದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 2018ರಿಂದ ನಡೆದಿದೆ. 45 ವರ್ಷ ದಾಟಿದ 10,000 ಗ್ರಾಮೀಣರನ್ನು ಹಲವಾರು ವರ್ಷ ಮತ್ತೆ ಮತ್ತೆ ಪರೀಕ್ಷಿಸುವುದು ಅದರ ಗುರಿ. ಇದನ್ನು ಕೈಕೊಂಡಿರುವ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಮಿದುಳು ಸಂಶೋಧನಾ ಕೇಂದ್ರವು 2014ರಲ್ಲಿ ಕ್ರಿಸ್ ಗೋಪಾಲಕೃಷ್ಣನ್ ದಂಪತಿಗಳ ಪ್ರತೀಕ್ಷಾ ಟ್ರಸ್ಟಿನ 225 ಕೋಟಿ ರೂಪಾಯಿಗಳ ದತ್ತಿಯಿಂದ ರೂಪುಗೊಂಡಿತು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಕೂಡಿ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮದಿಂದ ಜಿಲ್ಲಾ ಆಸ್ಪತ್ರೆಗಳಲ್ಲಿಯೇ ಇಂಥ ರೋಗಿಗಳನ್ನು ಪರೀಕ್ಷಿಸುವ ವ್ಯವಸ್ಥೆ ಬೆಳೆಯುತ್ತಿದೆ.

ದಾನವೆಂದಾಗ ಇನ್ನೊಂದು ಮಾತನ್ನು ಹೇಳದಿರಲಾಗದು. ಮೇಲೆ ವಿವರಿಸಿದ ನಿಮ್ಹಾನ್ಸಿನ ಅಧ್ಯಯನಗಳು ಸಾಧ್ಯವಾದದ್ದು ಹಣದಿಂದಷ್ಟೇ ಅಲ್ಲ. ತಮ್ಮವರನ್ನು ಕಳೆದುಕೊಂಡ ಗಳಿಗೆಯಲ್ಲಿಯೇ, ದುಃಖವನ್ನು ನುಂಗಿಕೊಂಡು, ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿದ ಕುಟುಂಬಗಳು ಅದರ ಹಿಂದಿವೆ. ಅವರ ಹೆಸರುಗಳು ಎಲ್ಲಿಯೂ ಅಚ್ಚಾಗುವುದಿಲ್ಲ. ಮಿದುಳನ್ನು ಪಡೆದ ಬಳಿಕ ದೇಹವನ್ನು ಬಂಧುಗಳಿಗೆ ಒಪ್ಪಿಸುವುದರಿಂದ ಅಂತ್ಯಸಂಸ್ಕಾರಕ್ಕೆ ಅಡ್ಡಿಯಾಗುವುದಿಲ್ಲವೆಂಬುದು ಬಹುಮಂದಿಗೆ ತಿಳಿಯದು. ಇಂಥ ದಾನವನ್ನು ಕುರಿತು ಬದುಕಿರುವಾಗಲೇ ಮನೆಯಲ್ಲಿ ಮಾತನಾಡಿಕೊಳ್ಳುವುದು ಒಳ್ಳೆಯದು.

ಗಾದೆಗಳು ಅನುಭವದ ಫಲಗಳು, ನಿಜ. ಆದರೆ ಈ ಗಾದೆ ಹುಟ್ಟಿದ ಕಾಲದಲ್ಲಿ ಅರವತ್ತು ಕಾಣುವವರೇ ಕಡಮೆಯಿದ್ದರು. ಕಂಡವರ ಬೇನೆಗೆ ಹೆಸರೂ ಇರಲಿಲ್ಲ, ಮದ್ದೂ ಇರಲಿಲ್ಲ. ಇಂದು ಸ್ಥಿತಿ ಬೇರೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಊರು ಬಿಟ್ಟು ನಗರಗಳಲ್ಲಿ ನೆಲಸಿದ್ದಾರೆ, ತಂದೆತಾಯಿಗಳು ಹಳ್ಳಿಯಲ್ಲಿದ್ದಾರೆ. ಮುಂದಿನ ಹಬ್ಬಕ್ಕೆ ಅವರು ಊರಿಗೆ ಬಂದಾಗ ತಾಯಿಯ ಕಿವಿ ಕೇಳಿಸುತ್ತಿದೆಯೆ, ತಂದೆಯ ರಕ್ತದೊತ್ತಡವನ್ನು ಈಚೆಗೆ ನೋಡಿಸಿದೆಯೆ, ಹೇಳಿದ ಮಾತನ್ನೇ ಹೇಳುವುದು ಕಳೆದ ವರ್ಷಕ್ಕಿಂತ ಹೆಚ್ಚಿದೆಯೆ ಎಂದು ಒಂದಿಷ್ಟು ಗಮನಿಸಲಿ. ಹೆಚ್ಚಿದ್ದರೆ ಗಾದೆ ಹೇಳದೆ ವೈದ್ಯರ ಬಳಿಗೆ ಕರೆದೊಯ್ಯಲಿ.